ಸಿಸಿಟಿವಿ ಪಂಡಿತ

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸಿಸಿಟಿವಿ ಪಂಡಿತ ಒಬ್ಬನಾದರೂ ಇದ್ದೇ ಇರುತ್ತಾನೆ. ಸಂಘದಲ್ಲಿ ಹುದ್ದೆಯಿಲ್ಲ, ಸಂಬಳವಂತೂ ಇಲ್ಲ. ರೆಕಾರ್ಡರಿನ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿರುವುದರಿಂದ ಅಧ್ಯಕ್ಷರೂ ಅವನೊಡನೆ ತಗ್ಗಿದ ದನಿಯಲ್ಲೇ ಮಾತಾಡುತ್ತಾರೆ. ಲೈವ್ ದೃಶ್ಯವೆಂದರೆ ಅವನಿಗೆ ತಾತ್ಸಾರ, ಅದನ್ನು ವಾಚ್‌ಮನ್ನೂ ನೋಡಬಲ್ಲ. ಅವನ ಗತ್ತು ಕಾಣುವುದು ಕಳೆದುಹೋದ ಹೊತ್ತನ್ನು ಹುಡುಕಿ ತೆಗೆಯುವಾಗ.

ಸಂದರ್ಭ ಸಾಮಾನ್ಯವಾಗಿ ಹಾಲಿನ ಪ್ಯಾಕೆಟ್ಟಿನದು. ಬೆಳಗಿನ 5ಕ್ಕೆ ಬಾಗಿಲ ಬಳಿ ಬಂದದ್ದು 6ಕ್ಕೆ ಮಾಯ. 9ಕ್ಕೆ ದೂರು ಬರುತ್ತದೆ. ರೆಕಾರ್ಡರಿನ ಪರದೆ ಬಿಟ್ಟು ಪಂಡಿತ ತನ್ನ ಲ್ಯಾಪ್‌ಟಾಪಿನಿಂದಲೇ 5ರಿಂದ 6ರವರೆಗಿನ ದೃಶ್ಯ ಕೇಳುತ್ತಾನೆ. ಮೌಸ್ ಒತ್ತಿ ಹುಡುಕುವುದು ಸಾಮಾನ್ಯರ ದಾರಿ. ರೆಕಾರ್ಡರಿನ ಉತ್ತರ: 457. ಕೇಳಿದ ಕಾಲಾವಧಿ ಸಲ್ಲದು ಎಂದು ಅದರರ್ಥ, ಜಾಲದ ಮೂಲಕ ದೃಶ್ಯ ಕೇಳಿ ಪಡೆಯುವ 1998ರ ಆರ್‌ಟಿಎಸ್‌ಪಿ ನಿಯಮಾವಳಿಯಲ್ಲೇ ಇದೆ. ಗಡಿಯಾರದ ಹೊತ್ತು ಹೇಳಿ ಕೇಳಿದರೆ ಆ ನಿಯಮ ಅದನ್ನು ಯುಟಿಸಿ, ಅಂದರೆ ಗ್ರೀನಿಚ್ ಹೊತ್ತು, ಎಂದೇ ಓದುತ್ತದೆ. ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಪಂಡಿತ ಕೇಳಿದ್ದು ಇನ್ನೂ ಬಾರದ ಹತ್ತೂವರೆಯನ್ನು. ಆಗದ ಕಳ್ಳತನವನ್ನು ಯಾವ ರೆಕಾರ್ಡರೂ ತೋರಿಸದು. ಅವನು ಐದೂವರೆ ಗಂಟೆ ಕಳೆದು, ತಾರೀಕನ್ನೂ ಒಂದು ದಿನ ಹಿಂದಕ್ಕೆ ಸರಿಸಿ, 23.30 ಎಂದು ಟೈಪು ಮಾಡುತ್ತಾನೆ. ಬೆನ್ನ ಹಿಂದೆ ನಿಂತ ಕಾರ್ಯದರ್ಶಿ, “ಹಾಲು ಹೋಗಿದ್ದು ಇವತ್ತು ಸ್ವಾಮಿ, ನಿನ್ನೆ ರಾತ್ರೀದು ಯಾಕೆ ತೆಗೀತೀರಿ?” ಎನ್ನುತ್ತಾರೆ. ಗ್ರೀನಿಚ್ ಬಗ್ಗೆ ಉಪನ್ಯಾಸ ಶುರುವಾಗುವುದು ಇಲ್ಲಿ. ದೂರು ಕೊಟ್ಟವರು ಅಷ್ಟರಲ್ಲಿ ಬ್ಲ್ಯಾಕ್ ಟೀ ಕುಡಿದು ಆಫೀಸಿಗೆ ಹೊರಟಿರುತ್ತಾರೆ.

ಮುಂದಿನದು ಫಾಸ್ಟ್ ಫಾರ್ವರ್ಡ್. ಸ್ಕೇಲ್ 16 ಎಂದು ಕೇಳಿದರೂ ದೃಶ್ಯ ಮಾಮೂಲಿ ನಡಿಗೆಯಲ್ಲೇ ಸಾಗುವುದುಂಟು. ಒಪ್ಪಿದ ವೇಗವನ್ನು ರೆಕಾರ್ಡರ್ ತನ್ನ ಉತ್ತರದಲ್ಲಿ ನಮೂದಿಸಬೇಕು; ಆ ಸಾಲೇ ಇಲ್ಲವೆಂದರೆ ಅದಕ್ಕೆ ಓಡಲು ಬರುವುದಿಲ್ಲ. ಪಂಡಿತ ಇದನ್ನು ಒಪ್ಪದೆ ಕೇಬಲ್ ಬದಲಿಸುತ್ತಾನೆ. ಸ್ಕೇಲ್ ದೃಶ್ಯದ ಓಟವನ್ನು ಬದಲಿಸುತ್ತದೆ, ಸ್ಪೀಡ್ ಡೇಟಾ ಕಳಿಸುವ ವೇಗವನ್ನಷ್ಟೇ ಎಂಬ ಭೇದವನ್ನು ಕೈಗೆ ಸಿಕ್ಕವರಿಗೆ ವಿವರಿಸುತ್ತಾನೆ. ಪಾಪ, ಅವನು ಹೇಳುವುದೆಲ್ಲ ನಿಜ.

ಓಡಲು ಬಲ್ಲ ರೆಕಾರ್ಡರ್ ಸಿಕ್ಕರೂ ಕಷ್ಟ ತೀರದು. ಹೆಚ್ಚಿನ ವೇಗದಲ್ಲಿ ಅನೇಕ ಯಂತ್ರಗಳು ಐ-ಫ್ರೇಮುಗಳನ್ನು, ಅಂದರೆ ಪೂರ್ತಿ ದಾಖಲಾದ ಚಿತ್ರಗಳನ್ನು, ಮಾತ್ರ ಕಳಿಸುತ್ತವೆ. ಡಿಸ್ಕ್ ಉಳಿಸಲೆಂದು ಅವುಗಳ ನಡುವಿನ ಅಂತರವನ್ನು 10 ಸೆಕೆಂಡಿಗೆ ಎಳೆದವನು ಪಂಡಿತನೇ. ಕಳೆದ ಮಹಾಸಭೆಯಲ್ಲಿ ಅದಕ್ಕೆ ಚಪ್ಪಾಳೆಯೂ ಬಿದ್ದಿತ್ತು. ಈಗ ಒಂದು ಚಿತ್ರದಲ್ಲಿ ಪ್ಯಾಕೆಟ್ ಇದೆ, ಮುಂದಿನದರಲ್ಲಿ ಇಲ್ಲ. ಕೈ ಯಾರದು? ಅದನ್ನು ನೋಡಲು ಆ ಹತ್ತು ಸೆಕೆಂಡನ್ನು ಮಾಮೂಲಿ ವೇಗದಲ್ಲೇ ಓಡಿಸಬೇಕು. ಪಂಡಿತ ಓಡಿಸುತ್ತಾನೆ. ಬಾಗಿದ ಬೆನ್ನು, ಚೌಕಳಿ ಲುಂಗಿ ಕಾಣುತ್ತವೆ. ಲುಂಗಿ ಕಾರ್ಯದರ್ಶಿಯವರದೇ ಆಗಿದ್ದ ಪಕ್ಷದಲ್ಲಿ, ಲ್ಯಾಪ್‌ಟಾಪ್ ಮುಚ್ಚಿ, ಮತ್ತೆ 457 ಬಂತೆಂದು ಸಂಘಕ್ಕೆ ವರದಿ ಕೊಡುತ್ತಾನೆ.