ಖಾಲಿ ಊರಿನ ಕಾರುಬಾರು

ಮುಂಬಯಿಯಲ್ಲಿ ದೆವ್ವ ಸಾಕುವುದು ಕಷ್ಟ. ಜಾಗ ಇಲ್ಲ. ದೆವ್ವಕ್ಕೆ ಪಾಳುಮನೆ ಬೇಕು, ಹುಣಿಸೆಮರ ಬೇಕು, ಸಂಜೆಯಾದ ಮೇಲೆ ಯಾರೂ ನಡೆಯದ ದಾರಿ ಬೇಕು. ನಮ್ಮ ಮುಲುಂಡಿನಲ್ಲಿ ಒಂದು ಕಟ್ಟಡ ಪಾಳು ಬೀಳುವ ಲಕ್ಷಣ ತೋರಿಸಿದರೆ ಸಾಕು, ಬಿಲ್ಡರನ ಫಲಕ ಎದ್ದಿರುತ್ತದೆ. ಹುಣಿಸೆಮರದ ಬುಡದಲ್ಲಿ ವಡಾಪಾವಿನ ಗಾಡಿ. ನಿರ್ಜನ ದಾರಿ ಹುಡುಕಿಕೊಂಡು ಪಶ್ಚಿಮದ ಗುಡ್ಡದ ಕಡೆ ಹೋದಿರೋ, ಅಲ್ಲಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳಿಗೆ ಮೊದಲ ಹಕ್ಕು. ಪೂರ್ವಕ್ಕೆ ಉಪ್ಪಿನ ಗದ್ದೆ, ಖಾರಿ, ಸೀಸನ್ನಿನಲ್ಲಿ ಫ್ಲೆಮಿಂಗೊ ನೋಡಲು ಕ್ಯಾಮೆರಾ ಹಿಡಿದವರ ಸಾಲು. 2018ರಲ್ಲಿ ಡಂಪಿಂಗ್ ಗ್ರೌಂಡಿಗೆ ಕಸ ಸುರಿಯುವುದು ನಿಂತಾಗ, ಪಾಪ, ಇನ್ನಾದರೂ ದೆವ್ವಗಳಿಗೊಂದು ನೆಲೆಯಾಯಿತು ಅಂದುಕೊಂಡೆ. ಎಲ್ಲಿ! ಅಲ್ಲಿ ಏನು ಕಟ್ಟಬೇಕೆಂಬುದಕ್ಕೆ ನಮ್ಮ ಸೊಸೈಟಿಯ ಲಿಫ್ಟಿನಲ್ಲೇ ನಾಲ್ಕು ಯೋಜನೆ ಸಿದ್ಧವಾಗಿದ್ದವು.

ಇಂಥ ಊರಿನಲ್ಲಿ, ಒಂದು ಬೆಡ್‌ರೂಮಿನ ಫ್ಲ್ಯಾಟಿನ ಹಾಲಿನಲ್ಲಿ, ಒಂದು ಇಡೀ ಸತ್ತ ಲೋಕವನ್ನು ನಡೆಸುವ ಜವಾಬ್ದಾರಿ ನನ್ನ ತಲೆಗೆ ಬಂತು.

ಮಗಳೂ ಅವಳ ಗೆಳೆಯರೂ ಭಾನುವಾರಗಳಂದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ ಆಟ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಬಾಯಲ್ಲೇ ಸಾಹಸ ಮಾಡುವುದು. ಒಬ್ಬನು ಮಾತ್ರ ಪಾತ್ರ ಹಿಡಿಯದೆ ಲೋಕವನ್ನೇ ಹಿಡಿದಿರುತ್ತಾನೆ. ಊರು, ಕಾಡು, ಕೋಟೆ, ಶತ್ರು, ಮಳೆ ಎಲ್ಲವೂ ಅವನ ಬಾಯಿಂದ ಬರಬೇಕು. ಅವನಿಗೆ ಡಿಎಂ ಅಂತ ಹೆಸರು. ಗೋಡೆ ಹಾರಿದೆಯೋ ಬಿದ್ದೆಯೋ ಎಂದು ತಗಾದೆ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಿ ತೀರ್ಮಾನ. ಇವರ ಡಿಎಂ ಆಗಿದ್ದ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. "ಪಪ್ಪಾ, ನೀವು ಮಾಡಿ. ಹೇಗೂ ನೀವು ಮಾತು ನಿಲ್ಲಿಸುವುದಿಲ್ಲ" ಎಂದಳು ಮಗಳು.

ಅವಳಿಗೆ ಗೊತ್ತಿಲ್ಲದ ಅರ್ಹತೆಯೊಂದು ನನ್ನಲ್ಲಿತ್ತು. ನಾನು ತಾಳಮದ್ದಲೆ ಕೇಳಿ ಬೆಳೆದವನು. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಕರ್ಣನೋ ಕೃಷ್ಣನೋ ಆಗಿ ಆಶುಮಾತಿನಲ್ಲಿ ಹೊಡೆದಾಡುತ್ತಾರೆ. ಅಮೆರಿಕದವರು 1974ರಲ್ಲಿ ಕಂಡುಹಿಡಿದದ್ದರಲ್ಲಿ ನಮಗೆ ಹೊಸದು ದಾಳವೊಂದೇ. ಅದೂ ಶಕುನಿಯ ಕೃಪೆಯಿಂದ ತೀರಾ ಹೊಸದಲ್ಲ. ವ್ಯತ್ಯಾಸವೆಂದರೆ ನಮ್ಮ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯಲೇಬೇಕು. ಇವರ ಆಟದಲ್ಲಿ ದಾಳ ಕೃಪೆ ಮಾಡಿದರೆ ರಥವನ್ನೆತ್ತಿಕೊಂಡು ಮನೆಗೆ ಹೋಗಬಹುದು.

ಮಕ್ಕಳಿಗೆ ದೆವ್ವದ ಲೋಕ ಬೇಕಿತ್ತು. ಅದಕ್ಕೆ ಅಂಗಡಿಯಲ್ಲಿ ಸಿದ್ಧ ಪುಸ್ತಕಗಳಿವೆ. ಹೆಸರಾಂತದ್ದು ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದ 'ರೇವನ್‌ಲಾಫ್ಟ್', 1983ರದು. ಬರೋವಿಯ ಎಂಬ ಕಣಿವೆ, ಗುಡ್ಡದ ಮೇಲೊಂದು ಕೋಟೆ, ಅದರಲ್ಲಿ ಸ್ಟ್ರಾಡ್ ಎಂಬ ರಕ್ತಪಿಪಾಸು ದೊರೆ. ಸುತ್ತ ಮಂಜು ಕವಿದಿರುತ್ತದೆ, ಒಳಹೊಕ್ಕವರು ಹೊರಬರುವಂತಿಲ್ಲ. 2016ರಲ್ಲಿ ಬಂದ ಅದರ ಹೊಸ ರೂಪದಲ್ಲಿ ಊರಿನ ಬಹುಪಾಲು ಜನರಿಗೆ ಆತ್ಮವೇ ಇಲ್ಲ, ಬರೀ ಚಿಪ್ಪು. ಓದಿ ನನಗೇ ಮೈ ಜುಮ್ಮೆಂದಿತು. ಪರದೆ ಎಳೆದು, ದನಿ ತಗ್ಗಿಸಿ ಶುರುಮಾಡಿದೆ: "ಮಂಜು. ಹಿಂದಿರುಗುವ ದಾರಿ ಇಲ್ಲ. ನೀವು ಎಷ್ಟು ನಡೆದರೂ ಹೊರಟಲ್ಲಿಗೇ ಬರುತ್ತೀರಿ."

"ಮೆಗಾ ಬ್ಲಾಕ್" ಎಂದ ಸಿಎ ಓದುವ ಮರಾಠಿ ಹುಡುಗ. ಎಲ್ಲರೂ ತಲೆಯಾಡಿಸಿದರು. ಸೆಂಟ್ರಲ್ ಲೈನಿನವರಿಗೆ ಹಳಿ ದುರಸ್ತಿಗೆಂದು ರೈಲು ನಿಂತು ಭಾನುವಾರ ಊರಿಂದ ಹೊರಬೀಳಲಾಗದಿದ್ದರೆ ಅದರಲ್ಲಿ ಭಯಪಡುವಂಥದ್ದೇನು?

ಕೋಟೆಗೆ ಕರೆದೊಯ್ದೆ. ಮುರಿದ ಬಾಗಿಲು, ಜೇಡರ ಬಲೆ, ನೂರಾರು ವರ್ಷಗಳಿಂದ ಯಾರೂ ಕಾಲಿಡದ ಊಟದ ಮನೆ. ಮುಲುಂಡ್ ಪಶ್ಚಿಮದಿಂದ ಬರುವ ಗುಜರಾತಿ ಹುಡುಗಿ ಆಟದಲ್ಲಿ ಮಾಂತ್ರಿಕಳು. ಅವಳು ಕೈಯೆತ್ತಿ, "ಅಂಕಲ್, ಕಾರ್ಪೆಟ್ ಏರಿಯಾ ಎಷ್ಟು?" ಎಂದಳು. ಪುಸ್ತಕದಲ್ಲಿ ನಕ್ಷೆ ಇತ್ತು, ಹೇಳಿದೆ. ಅವಳ ಕಣ್ಣು ಅಗಲವಾಯಿತು. ಆಮೇಲಿನ ಅರ್ಧ ಗಂಟೆ ಟೈಟಲ್ ಕ್ಲಿಯರ್ ಇದೆಯೇ, ಸ್ಟ್ರಾಡನನ್ನು ಪಗಡಿ ಬಾಡಿಗೆದಾರನೆಂದು ಎಣಿಸಬೇಕೇ, ರಿಡೆವಲಪ್‌ಮೆಂಟಿಗೆ ಹೋದರೆ ಶವಪೆಟ್ಟಿಗೆಗಳಿಗೆ ತಲಾ ಒಂದು ಫ್ಲ್ಯಾಟ್ ಕೊಡಬೇಕಾಗುತ್ತದೆಯೇ ಎಂಬ ಚರ್ಚೆ. ಭಾಂಡುಪಿನ ತಮಿಳು ಹುಡುಗ ಮಾತ್ರ ಗಂಭೀರವಾಗಿದ್ದ. "ಇಷ್ಟು ಜಾಗ ಇಷ್ಟು ವರ್ಷ ಖಾಲಿ ಇದ್ದೂ ಯಾರೂ ಒಂದು ಜೋಪಡಿ ಕೂಡ ಹಾಕಿಲ್ಲವೆಂದರೆ, ಅಂಕಲ್, ಇಲ್ಲಿ ನಿಜವಾಗಿಯೂ ದೆವ್ವ ಇದೆ." ಅವನೊಬ್ಬನೇ ನನ್ನ ಮಾನ ಉಳಿಸಿದ್ದು.

'ಡಾರ್ಕ್ ಸನ್' ಎಂಬ ಇನ್ನೊಂದು ಲೋಕವನ್ನೂ ತಂದು ನೋಡಿದೆ. 1991ರ ಸರಕು, ಅಲ್ಲಿ ಮಾಂತ್ರಿಕರು ಮಂತ್ರ ಹಾಕಿದಷ್ಟೂ ಸುತ್ತಲಿನ ಗಿಡಮರ ಬೂದಿಯಾಗಿ ಭೂಮಿಯೇ ಬೆಂಗಾಡು. ಎಲ್‌ಬಿಎಸ್ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ನೋಡುತ್ತ ಬೆಳೆದವರಿಗೆ ಇದರಲ್ಲಿ ಮಂತ್ರವೆಲ್ಲಿದೆ ಎಂದೇ ತಿಳಿಯಲಿಲ್ಲ.

ಇಷ್ಟೂ ಹೊತ್ತು ಅಮ್ಮ ದಿವಾನದ ಮೇಲೆ ಕೂತು ಅಲಸಂಡೆ ಮುರಿಯುತ್ತಿದ್ದಳು. ಕುಂದಾಪುರದ ಕಡೆಯವಳು. ದೆವ್ವದ ಮಾತು ಬಂದರೆ ಅವಳು ಪ್ರೇಕ್ಷಕಳಾಗಿ ಉಳಿಯುವವಳಲ್ಲ.

"ಆ ಕೋಟೆಯ ದೊರೆಗೆ ವರ್ಷಕ್ಕೊಂದು ಕೋಲ ಕೊಡ್ತಿದ್ರಾ ಮಗಾ?"

ಇಲ್ಲಮ್ಮ, ಅದು ಯುರೋಪಿನಂಥ ಊರು ಎಂದೆ.

"ಮತ್ತೆ ತೊಂದ್ರೆ ಕೊಡದೆ ಎಂತ ಮಾಡ್ತದೆ ಅದು?"

ಮಗಳು ಇದನ್ನು ಹಿಂದಿಗೆ ತಿರುಗಿಸಿದ್ದೇ ತಡ, ಆಟದ ದಾರಿಯೇ ತಪ್ಪಿತು. ನಾಲ್ವರೂ ಕತ್ತಿ ಕೆಳಗಿಟ್ಟು ಅಜ್ಜಿಯ ಸುತ್ತ ಕೂತರು. ಅಮ್ಮ ಕಲ್ಕುಡನ ಕಥೆ ಹೇಳಿದಳು: ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ, ಅಂಥದ್ದನ್ನು ಇನ್ನೆಲ್ಲೂ ಕೆತ್ತಬಾರದೆಂದು ಅರಸ ಅವನ ಒಂದು ಕೈ ಒಂದು ಕಾಲು ಕಡಿಸಿದ, ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಕಲ್ಲುರ್ಟಿ ಸೇಡು ತೀರಿಸಿದಳು, ಇಬ್ಬರೂ ದೈವಗಳಾದರು. ಗೊಮ್ಮಟ ನಿಂತದ್ದು 1432ರಲ್ಲಿ, ನಲವತ್ತೆರಡಡಿ ಎಂದು ನಾನು ನಡುವೆ ಸೇರಿಸಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಮೀನುಗಾರರನ್ನು ಕಾಯುವ ಬೊಬ್ಬರ್ಯ, ಆಮೇಲೆ ಕೋಟಿ ಚೆನ್ನಯರು. ನನ್ನ ಕಷ್ಟ ಆಗ ಸ್ಪಷ್ಟವಾಯಿತು. ಕರಾವಳಿಯಲ್ಲಿ ಸತ್ತವರು ಸುಮ್ಮನಿರುವ ಪೈಕಿಯವರೇ ಅಲ್ಲ. ವರ್ಷಕ್ಕೊಮ್ಮೆ ಬಂದು ಊರಿನ ಜಗಳ ವಿಚಾರಿಸುತ್ತಾರೆ, ನ್ಯಾಯ ಹೇಳುತ್ತಾರೆ, ಎಳನೀರು ಕುಡಿಯುತ್ತಾರೆ, ಕೋಳಿ ಎಲ್ಲಿ ಎನ್ನುತ್ತಾರೆ. ಬದುಕಿರುವ ನೆಂಟರಿಗಿಂತ ಚಟುವಟಿಕೆಯಿಂದಿರುವ ಇವರನ್ನು ಇಟ್ಟುಕೊಂಡು ನಿರ್ಜೀವ ಲೋಕ ನಡೆಸುವುದು ಹೇಗೆ? ಆ ದಿನದ ಆಟ ಸ್ಟ್ರಾಡನಿಗೆ ಕೋಲ ಒಪ್ಪಿಸಿ ಮುಗಿಯಿತು. ದಾಳದಲ್ಲಿ ಹದಿನೇಳು ಬಿತ್ತು. ದೊರೆ ತೃಪ್ತನಾಗಿ ಅಭಯ ಕೊಟ್ಟ.

ಹೆದರಿಸಲೇಬೇಕೆಂಬ ಹಟ ನನಗೂ ಹತ್ತಿತು. ಹಳೆಯ ಪುಸ್ತಕಗಳ ಕಪಾಟು ತೆಗೆದೆ. ಕನ್ನಡದಲ್ಲಿ ಸತ್ತ ಲೋಕವನ್ನು ಸರಿಯಾಗಿ ನಡೆಸಿದವನು ಒಬ್ಬನೇ, ಹತ್ತನೆಯ ಶತಮಾನದ ರನ್ನ. ಅವನ ಗದಾಯುದ್ಧದಲ್ಲಿ ಯುದ್ಧ ಬಹುತೇಕ ಮುಗಿದಿದೆ. ದುರ್ಯೋಧನ ಸಂಜಯನ ಜೊತೆ ಕುರುಕ್ಷೇತ್ರದ ಹೆಣಗಳ ನಡುವೆ ನಡೆಯುತ್ತಾನೆ. ಹದಿನೆಂಟು ಅಕ್ಷೋಹಿಣಿಯ ಲೆಕ್ಕ ಯಾರಿಗೂ ತಟ್ಟುವುದಿಲ್ಲ. ಆದರೆ ಅಲ್ಲಿ ದ್ರೋಣ ಬಿದ್ದಿದ್ದಾನೆ, ಅಭಿಮನ್ಯು ಬಿದ್ದಿದ್ದಾನೆ, ದುಶ್ಶಾಸನ ಬಿದ್ದಿದ್ದಾನೆ, ಕರ್ಣ ಬಿದ್ದಿದ್ದಾನೆ. ಒಬ್ಬೊಬ್ಬರ ಮುಂದೆಯೂ ನಿಂತು ಮುಂದೆ ಹೋಗಬೇಕು. ನಡುವೆ ಒಂದು ಮರುಳು ಎದುರಾಗಿ ಚಕ್ರವರ್ತಿಯನ್ನೇ ಗೇಲಿ ಮಾಡುತ್ತದೆ. ಅಂಥ ಕಡೆ ನಗಿಸುವ ಧೈರ್ಯ ರನ್ನನಿಗಿತ್ತು. ಬರೋವಿಯದ ಆತ್ಮವಿಲ್ಲದ ಚಿಪ್ಪುಗಳಿಗೆ ಇರುವ ಕೊರತೆ ಇದೇ: ಅವರಲ್ಲಿ ಒಬ್ಬರೂ ನಮಗೆ ಗುರುತಿನವರಲ್ಲ.

ಮುಂದಿನ ಭಾನುವಾರ ಕೋಟೆ ಬಿಟ್ಟೆ, ಮಂಜು ಬಿಟ್ಟೆ. "ಸಿಎಸ್‌ಎಂಟಿ. ಸಂಜೆ ಏಳು ಗಂಟೆ. ಕಲ್ಯಾಣ್ ಲೋಕಲ್ ನಿಂತಿದೆ. ಒಳಗೆ ಯಾರೂ ಇಲ್ಲ."

"ವಿಂಡೋ ಸೀಟ್!" ಎಂದು ನಾಲ್ವರೂ ಕೂಗಿ, ಯಾರೂ ಕೇಳುವವರಿಲ್ಲವೆಂದು ಫಸ್ಟ್ ಕ್ಲಾಸಿಗೇ ನುಗ್ಗಿದರು. ಮಾಂತ್ರಿಕಳು ಕಾಲು ಚಾಚಿದಳು. ಕಳ್ಳಿಯ ಪಾತ್ರದ ನನ್ನ ಮಗಳು ಎದುರು ಸೀಟಿನಲ್ಲಿ ತನ್ನ ಚೀಲವನ್ನೂ ಕೂರಿಸಿದಳು. ಇದು ಸ್ವರ್ಗವೇ ಹೊರತು ದೆವ್ವದ ಲೋಕವಲ್ಲ ಎಂದು ಒಮ್ಮತದ ತೀರ್ಪಾಯಿತು. ನಾನು ಅವಸರ ಮಾಡಲಿಲ್ಲ. ರೈಲು ಹೊರಟಿತು. ಭಾಯಖಳ ಬಂತು. ಹೋಯಿತು. "ಪುಢೀಲ್ ಸ್ಟೇಷನ್ ದಾದರ್" ಎಂದೆ, ಅದೇ ಹೆಣ್ಣುದನಿಯ ರಾಗದಲ್ಲಿ.

"ದಾದರ್ ಬಂತು. ರೈಲು ನಿಂತಿತು. ಯಾರೂ ಹತ್ತಲಿಲ್ಲ."

ಸಿಎ ಹುಡುಗ ಕೈಯಲ್ಲಿದ್ದ ವಡಾಪಾವ್ ತಟ್ಟೆಗಿಟ್ಟ. ಸಂಜೆ ಏಳಕ್ಕೆ ದಾದರಿನಲ್ಲಿ ಯಾರೂ ಹತ್ತದ ಕಲ್ಯಾಣ್ ಲೋಕಲ್ಲನ್ನು ಕಲ್ಪಿಸಲು ಮುಂಬಯಿಯ ಮನುಷ್ಯನಿಗೆ ಆಗದು. ದಿವಾನದ ಮೇಲಿಂದ ಅಮ್ಮ, "ಒಬ್ರೂ ಹತ್ಲಿಲ್ವಾ?" ಎಂದು ಕೇಳಿ, ಲೈಟ್ ಹಾಕಲು ಹೇಳಿದಳು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ನೆನಪಾದದ್ದು 2020ರ ಮಾರ್ಚ್. ಆಗ ಲೋಕಲ್ ನಿಂತಿತ್ತು; ಇವರೆಲ್ಲ ಶಾಲೆಯ ಮಕ್ಕಳು. ನಮ್ಮ ಕಿಟಕಿಯಿಂದ ಹಳಿಗಳ ಕಡೆಯ ಸದ್ದೇ ಕೇಳಿಬರದೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಅಲ್ಲಿಂದ ರನ್ನನ ದಾರಿ ಹಿಡಿದೆ. ರ‍್ಯಾಕಿನ ಮೇಲೊಂದು ಇನ್ನೂ ಬೆಚ್ಚಗಿರುವ ಟಿಫಿನ್ ಡಬ್ಬಿ. ಭಜನಾ ಮಂಡಳಿಯವರ ತಾಳ, ಯಾರೂ ಹಿಡಿಯದೆ. ಅರ್ಧ ಬಿಡಿಸಿದ ಪದಬಂಧ. ಕುರ್ಲಾ, ಯಾರೂ ಇಲ್ಲ. ಘಾಟ್ಕೋಪರ್, ಯಾರೂ ಇಲ್ಲ. ಭಾಂಡುಪಿನ ಹುಡುಗ ತನ್ನ ಸ್ಟೇಷನ್ ಬಂದಾಗ ಇಳಿಯಲೇ ಒಲ್ಲೆನೆಂದ. ಆಗ ಬೋಗಿಯ ಆ ತುದಿಯಿಂದ ಬೂಟಿನ ಸದ್ದು. ಕಪ್ಪು ಕೋಟು. ಮುಖ ಕಾಣುವುದಿಲ್ಲ. ಕೈ ಮುಂದೆ ಬಂತು.

"ಟಿಕೆಟ್?"

ಟೀಸಿ! ನಾಲ್ವರ ಬಳಿ ಕತ್ತಿ, ಮಂತ್ರದಂಡ, ಮಾಯಾ ಕವಚ ಎಲ್ಲವೂ ಇತ್ತು. ಫಸ್ಟ್ ಕ್ಲಾಸ್ ಪಾಸ್ ಇರಲಿಲ್ಲ. ಸ್ಟ್ರಾಡನ ಮುಂದೆ ಕಾರ್ಪೆಟ್ ಏರಿಯಾ ಕೇಳಿದ ಮಾಂತ್ರಿಕಳು ಸೀಟಿನ ಕೆಳಗೆ ಅಡಗಲು ದಾಳ ಉರುಳಿಸಿದಳು. ಮೂರು ಬಿತ್ತು. ನನ್ನ ಮಗಳು ಮಂಥ್ಲಿ ಪಾಸ್ ಮನೆಯಲ್ಲಿ ಮರೆತೆ ಎಂದಳು. ಅದು ಟೀಸಿಗಳು ಸತ್ತ ಮೇಲೂ ನಂಬದ ಮಾತು. ಕೊನೆಗೆ ಅವನಿಗೆ ದಂಡ ಬೇಕೋ ಕಟಿಂಗ್ ಚಹಾ ಬೇಕೋ ಎಂದು ಅಜ್ಜಿಯ ಸಲಹೆ ಕೇಳಲಾಯಿತು. "ದಂಡ ಕಟ್ಟಿ, ರಸೀದಿ ತಕೊಳ್ಳಿ. ಪುಸ್ತಕ ಮುಗಿಯದೆ ಪಾಪ ಅವ ಇಳೀಲಿಕ್ಕಾಗದೆ ಕೂತಿದ್ದಾನೆ" ಎಂದಳು ಅಮ್ಮ. ನಾನು ಬರೆದುಕೊಂಡಿದ್ದ ಕಾರಣಕ್ಕಿಂತ ಇದು ಎಷ್ಟೋ ಮೇಲಾಗಿತ್ತು. ನನ್ನದನ್ನು ಹೊಡೆದುಹಾಕಿ ಅವಳದನ್ನೇ ಇಟ್ಟುಕೊಂಡೆ.

ಈಗ ಭಾಂಡುಪಿನ ಹುಡುಗನಿಗೂ ಪುಣೆಯಲ್ಲಿ ಕೆಲಸವಾಗಿದೆ. ಅರ್ಚಕನ ಪಾತ್ರ ಖಾಲಿ ಇದೆ. ಕನ್ನಡ ಬಲ್ಲವರಾದರೆ ಅಮ್ಮನಿಗೂ ಅನುಕೂಲ. ಆಸಕ್ತರು ಭಾನುವಾರ ನಾಲ್ಕಕ್ಕೆ ಮುಲುಂಡ್ ಪೂರ್ವಕ್ಕೆ ಬನ್ನಿ, ಮೆಗಾ ಬ್ಲಾಕ್ ನೋಡಿಕೊಂಡು ಹೊರಡಿ. ದಾಳ ನಮ್ಮಲ್ಲಿದೆ, ಪೆನ್ಸಿಲ್ ನೀವೇ ತನ್ನಿ. ಪಾಸ್ ಮರೆಯಬೇಡಿ.