ಕ್ಯಾಷ್ ತಾಳೆಯಾಗುವ ತನಕ

ಶಟರ್ ಅರ್ಧ ಎಳೆದರೆ ಗಿರಾಕಿಗಳ ಲೆಕ್ಕದಲ್ಲಿ ಬ್ಯಾಂಕು ಮುಚ್ಚಿತು. ನಮಗೆ ಆಗ ಕಾಯುವ ಕೆಲಸ ಶುರು. ಕ್ಯಾಷ್ ತಾಳೆಯಾಗಬೇಕು, ಆಮೇಲೆ ಸ್ಟ್ರಾಂಗ್ ರೂಮಿಗೆ ಬೀಗ ಬೀಳಬೇಕು. ಅದಕ್ಕೆ ಎರಡು ಕೀಲಿ: ಒಂದು ಹೆಡ್ ಕ್ಯಾಷಿಯರ್ ಹತ್ತಿರ, ಇನ್ನೊಂದು ನನ್ನ ಹತ್ತಿರ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮನೆಗೆ ಹೋಗುವ ಹಾಗಿಲ್ಲ. ಹತ್ತು ರೂಪಾಯಿ ಕಡಿಮೆ ಬಂದರೂ ಕಷ್ಟ, ಹೆಚ್ಚು ಬಂದರೂ ಕಷ್ಟ. (ಹೆಚ್ಚು ಬಂದರೆ ಏನು ಕಷ್ಟ ಎಂದು ಕೇಳುವವರು ಬ್ಯಾಂಕಿನಲ್ಲಿ ಕೆಲಸ ಮಾಡಿದವರಲ್ಲ.) ದೇವರಿದ್ದಾನೆಯೇ ಎಂಬ ಪ್ರಶ್ನೆ ನಮ್ಮ ಶಾಖೆಯಲ್ಲಿ ವಿಚಾರಣೆಗೆ ಬರುವುದು ಈ ಹೊತ್ತಿನಲ್ಲೇ. ಹಗಲಲ್ಲಿ ದೇವರ ಹೆಸರು ಕೇಳಿಬರುವುದು ಸರ್ವರ್ ಡೌನ್ ಆದಾಗ ಮಾತ್ರ.

ಆಸ್ತಿಕರ ಕಡೆಯಿಂದ ಹೆಡ್ ಕ್ಯಾಷಿಯರು. ಒಂಟಿಕೊಪ್ಪಲ್ ಪಂಚಾಂಗ ನೋಡದೆ ಅವರು ರಜೆ ಚೀಟಿಗೂ ಸಹಿ ಹಾಕುವವರಲ್ಲ. ಎದುರು ಪಕ್ಷದಲ್ಲಿ ಇಬ್ಬರು. ಎಂಜಿನಿಯರಿಂಗ್ ಓದಿ, ಯಾಕೋ ಏನೋ ಬ್ಯಾಂಕ್ ಪರೀಕ್ಷೆ ಬರೆದು ಬಂದ ಹುಡುಗ ಒಬ್ಬ. ಇನ್ನೊಬ್ಬರು ಸಾಲ ವಿಭಾಗದ ಮೇಡಂ. ಹಳ್ಳಿಯ ದೇವಸ್ಥಾನದ ಅರ್ಚಕರ ಮಗಳು, ಅಪ್ಪಟ ನಾಸ್ತಿಕರು. ಬಸವನಗುಡಿ ನ್ಯಾಷನಲ್ ಕಾಲೇಜಿನಲ್ಲಿ ಓದಿದವರಾದ್ದರಿಂದ ಎಚ್. ನರಸಿಂಹಯ್ಯನವರ ಹೆಸರೆತ್ತಿದರೆ ಅವರ ಬೆನ್ನು ನೆಟ್ಟಗಾಗುತ್ತದೆ. ಎಚ್ಚೆನ್ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿಯನ್ನೇ ಮಾಡಿ, ಪವಾಡ ಮಾಡುವವರಿಗೆ ಕಾಗದ ಬರೆದಿದ್ದರು. "ಒಂದಕ್ಕೂ ಸರಿಯಾದ ಉತ್ತರ ಬರಲಿಲ್ಲ ರೀ" ಎಂದು ಮೇಡಂ ಇವತ್ತಿಗೂ ಹೇಳುವ ರೀತಿ ನೋಡಿದರೆ, ಸಾಲಗಾರರಿಗೆ ಕಳಿಸಿದ ನೋಟಿಸು ಹಾಗೇ ವಾಪಸ್ಸು ಬಂತೇನೋ ಅನಿಸಬೇಕು.

ಮೇಡಂ ದೇವರನ್ನು ಒಪ್ಪದಿರಬಹುದು, ಮಂತ್ರದಲ್ಲಿ ತಪ್ಪನ್ನಂತೂ ಒಪ್ಪುವುದಿಲ್ಲ. ಒಂದು ಆಯುಧಪೂಜೆಯ ದಿನ ಪುರೋಹಿತರು ಮುಂದಿನ ಅಂಗಡಿಯ ಅವಸರದಲ್ಲಿ ಮಂತ್ರಪುಷ್ಪವನ್ನು ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಓಡಿಸಿದರು. ನಾವೆಲ್ಲ ಕೈಮುಗಿದು ಚರುಪಿನ ಕಡೆ ನೋಡುತ್ತಿದ್ದೆವು. ಹಿಂದಿನಿಂದ ಮೇಡಂ, "ಎರಡು ಸಾಲು ಬಿಟ್ಟಿರಿ. ಮತ್ತೆ ಮೊದಲಿಂದ ಹೇಳಿ" ಎಂದರು. ಪುರೋಹಿತರು ತಿರುಗಿ ನೋಡಿ, ಮೊದಲಿನಿಂದ ಹೇಳಿದರು.

ಅದೇ ದಿನ ನೋಟು ಎಣಿಸುವ ಮೆಷಿನ್ನಿಗೂ ಪೂಜೆಯಾಯಿತು. ವಿಭೂತಿ, ಅರಿಸಿನ, ಕುಂಕುಮ, ತಲೆಗೊಂದು ಚೆಂಡುಹೂವು. ಮರುದಿನ ವಿಜಯದಶಮಿ ಕಳೆದು ಬಾಗಿಲು ತೆಗೆದರೆ ಮೆಷಿನ್ನು ನೂರರ ಪ್ರತಿ ಕಟ್ಟನ್ನೂ ತೊಂಬತ್ತೊಂಬತ್ತು ಎನ್ನುತ್ತಿದೆ. ಹುಡುಗ ಮುಚ್ಚಳ ಬಿಚ್ಚಿ, ಸೆನ್ಸರಿಗೆ ಅಂಟಿದ್ದ ಹೂವಿನ ಎಸಳನ್ನು ಪಿನ್ನಿನಿಂದ ಎತ್ತಿ ತೋರಿಸಿ, "ನೋಡಿ ಸಾರ್, ನಿಮ್ಮ ಭಕ್ತಿಯ ಫಲ" ಎಂದ. ಹೆಡ್ ಕ್ಯಾಷಿಯರು ಎಸಳನ್ನು ಈಸಿಕೊಂಡು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. "ಒಂದು ಕಡಿಮೆ ತೋರಿಸ್ತಲ್ಲಪ್ಪಾ, ಹೆಚ್ಚು ತೋರಿಸಲಿಲ್ಲವಲ್ಲ. ದೇವರು ಯಾವಾಗಲೂ ಬ್ಯಾಂಕಿನ ಕಡೆ."

ಇಂಥವರನ್ನು ಸೋಲಿಸುವುದು ಕಷ್ಟ. 1995ರ ಸೆಪ್ಟೆಂಬರ್ 21ರಂದು ದೇಶದ ಗಣಪತಿಗಳೆಲ್ಲ ಹಾಲು ಕುಡಿದಾಗ ಅವರೂ ಚಮಚ ಹಿಡಿದು ಸಾಲಿನಲ್ಲಿ ನಿಂತಿದ್ದರಂತೆ. ದೆಹಲಿಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಹಿಡಿದು, ಅದು ವಿಗ್ರಹದ ಮೈಮೇಲೆ ತೆಳ್ಳಗೆ ಇಳಿದು ಹೋಗುವುದನ್ನು ತೋರಿಸಿದ್ದು ಅವರಿಗೂ ಗೊತ್ತು. ಮೇಲ್ಮೈ ಸೆಳೆತ ಚಮಚದ ಹಾಲನ್ನು ಕಲ್ಲಿಗೆ ಎಳೆಯುತ್ತದೆ, ಮಿಕ್ಕದ್ದನ್ನು ಭೂಮಿ ಎಳೆಯುತ್ತದೆ ಎಂದು ಹುಡುಗನಿಗಿಂತ ಚೆನ್ನಾಗಿ ಅವರೇ ವಿವರಿಸುತ್ತಾರೆ. "ಹಾಗಾದರೆ ನಂಬಲಿಲ್ಲ ತಾನೇ?" ಎಂದರೆ, "ಹಾಲು ಕುಡಿದದ್ದನ್ನು ನಂಬಲಿಲ್ಲ. ಗಣಪತಿಯನ್ನು ನಂಬ್ತೀನಿ. ಎರಡೂ ಬೇರೆ ಖಾತೆ."

ಹುಡುಗನಿಗೂ ಒಂದು ಖಾತೆ ಇರುವುದು ನಮಗೆ ತಿಳಿದದ್ದು 2023ರ ಆಗಸ್ಟ್ 23ರ ಸಂಜೆ. ಚಂದ್ರಯಾನ ಇಳಿಯುವ ಹೊತ್ತಿಗೆ ಸರಿಯಾಗಿ ನಮ್ಮ ಕ್ಯಾಷ್ ತಾಳೆಯಾಗದೆ ಕೂತಿತ್ತು. ಎಣಿಕೆ ಬಿಟ್ಟು ಎಲ್ಲರೂ ಅವನ ಮೊಬೈಲಿಗೆ ಮುತ್ತಿದೆವು. ಅಂದು ಅವನೇ ಗುರು. 2019ರಲ್ಲಿ ಕೊನೆಯ ಗಳಿಗೆಯಲ್ಲಿ ಕೈತಪ್ಪಿದ್ದು ಯಾಕೆ, ಈ ಸಲ ಕಾಲುಗಳನ್ನು ಹೇಗೆ ಗಟ್ಟಿ ಮಾಡಿದ್ದಾರೆ, ಇಂಧನ ಎಷ್ಟು ಹೆಚ್ಚಿಗೆ ತುಂಬಿದ್ದಾರೆ, ಇಳಿಯುವ ಜಾಗವನ್ನು 500 ಮೀಟರಿನ ಚೌಕದಿಂದ ಕಿಲೋಮೀಟರುಗಟ್ಟಲೆ ಯಾಕೆ ಹಿಗ್ಗಿಸಿದ್ದಾರೆ, ಎಲ್ಲ ಬಾಯಿಪಾಠ. ಉಡಾವಣೆಗೆ ಮುಂಚೆ ಇಸ್ರೋದವರು ಪುಟ್ಟ ಮಾದರಿ ಹಿಡಿದು ತಿರುಮಲೆಗೆ ಹೋಗಿದ್ದನ್ನು ಹೆಡ್ ಕ್ಯಾಷಿಯರು ನೆನಪಿಸಿದರು. "ತಿಮ್ಮಪ್ಪ ಗಣಿತ ಮಾಡ್ತಾನಾ ಸಾರ್?" ಎಂದು ನಕ್ಕ. ಅಷ್ಟರಲ್ಲಿ ನೀರು ಕುಡಿಯಲು ನಾನು ಎದ್ದೆ. "ಸಾರ್, ಕೂತ್ಕೊಳ್ಳಿ! ಯಾರೂ ಜಾಗ ಬದಲಿಸಬೇಡಿ!" ಎಂದು ಚೀರಿದ. ನಾನು ಬಾಯಾರಿಕೆಯಲ್ಲೇ ಕೂತೆ, ಲ್ಯಾಂಡರ್ ಇಳಿಯಿತು. ಹೆಡ್ ಕ್ಯಾಷಿಯರು ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ ನಿಧಾನವಾಗಿ ಕೇಳಿದರು, "ಇವರು ನೀರು ಕುಡಿದಿದ್ದರೆ ಯಾವ ಎಂಜಿನ್ ಕೆಡ್ತಿತ್ತಪ್ಪಾ?"

ನಮ್ಮ ವಾದಗಳಿಗೆ ಗವಿಪುರ ಹತ್ತಿರವಿರುವುದೂ ಒಂದು ಕಾರಣ. ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಹೆಯೊಳಗೆ ಇಳಿಬಿಸಿಲು ನುಗ್ಗಿ, ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಆ ದಿನ ಟೀವಿಯವರ ವ್ಯಾನುಗಳಿಗೇ ಜಾಗ ಸಾಲದು. ಇದು ಪವಾಡವೋ ಇಂಜಿನಿಯರಿಂಗೋ ಎಂಬುದು ನಮ್ಮಲ್ಲಿ ಪ್ರತಿ ಜನವರಿಯ ಕೇಸು. ಒಮ್ಮೆ ಹೆಡ್ ಕ್ಯಾಷಿಯರೇ ತಮ್ಮ ಪಕ್ಷದ ಬುಡಕ್ಕೆ ಕೊಡಲಿ ಹಾಕಿದರು. ವೋಚರಿನ ಹಿಂಬದಿಯಲ್ಲಿ ಚಿತ್ರ ಬರೆದು, ಸೂರ್ಯ ದಕ್ಷಿಣಕ್ಕೆ ಸರಿಯುವಾಗ ಒಂದು ಸಲ, ಮರಳುವಾಗ ಇನ್ನೊಂದು ಸಲ ಆಕಾಶದ ಅದೇ ಜಾಗ ಹಾಯಬೇಕಲ್ಲವೇ ಎಂದರು. ಹಾಗಾದರೆ ನವೆಂಬರ್ ಕೊನೆಯಲ್ಲೂ ಬೆಳಕು ಬೀಳಲೇಬೇಕು! ಬೀಳುತ್ತದಂತೆ. ಡಿಸೆಂಬರ್ ಮೊದಲ ಎರಡು ದಿನದವರೆಗೂ. ಆದರೆ ಆಗ ವ್ಯಾನೂ ಇಲ್ಲ, ನೂಕುನುಗ್ಗಲೂ ಇಲ್ಲ.

ಅಷ್ಟಕ್ಕೇ ಬಿಡಲಿಲ್ಲ. ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ, 1863ರ ಜನವರಿ 12. ಈಗ ಸಂಕ್ರಾಂತಿ 14ಕ್ಕೋ 15ಕ್ಕೋ ಬರುತ್ತದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುವುದರಿಂದ ಹಬ್ಬ ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನದಂತೆ ಮುಂದೆ ಜಾರುತ್ತಿದೆ. ನಿಜವಾದ ಉತ್ತರಾಯಣ ಡಿಸೆಂಬರ್ 22ರ ಹೊತ್ತಿಗೇ ಆಗಿಹೋಗಿರುತ್ತದೆ. ಬಿಸಿಲು ಮಾತ್ರ ಜನವರಿ ಮಧ್ಯ ಬಿಟ್ಟು ಕದಲುವುದಿಲ್ಲ. "ಮುಂದೊಂದು ಕಾಲಕ್ಕೆ ಸಂಕ್ರಾಂತಿ ಫೆಬ್ರವರಿಗೆ ಹೋಗುತ್ತೆ. ಜನ ಬಂದು ನಿಲ್ತಾರೆ, ಸೂರ್ಯ ಬರಲ್ಲ" ಎಂದು ನಕ್ಕರು. ಇಷ್ಟೆಲ್ಲ ಹೇಳಿದ ಮನುಷ್ಯ ಆ ಸಂಕ್ರಾಂತಿಗೂ ಎಳ್ಳುಬೆಲ್ಲದ ಪೊಟ್ಟಣ ತಂದು ಎಲ್ಲರ ಟೇಬಲ್ಲಿಗೂ ಇಟ್ಟರು. ಹುಡುಗ ಬಾಯಿ ತೆರೆದು ಕೇಳುತ್ತಿದ್ದವನು ಮಧ್ಯೆ ಒಂದು ಸಲ ಕೂಡ 'ಸೈಂಟಿಫಿಕ್' ಎನ್ನಲಿಲ್ಲ.

ನವೆಂಬರ್ ಬಂದಾಗ ಪರೀಕ್ಷೆ ಮಾಡಿಯೇಬಿಡುವುದೆಂದು ತೀರ್ಮಾನವಾಯಿತು. ಜನವರಿಗಿಂತ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಮುಂಚೆ ಬಿಸಿಲು ಬರಬೇಕೆಂದು ಹೆಡ್ ಕ್ಯಾಷಿಯರ ಲೆಕ್ಕ. ಹುಡುಗನ ಮೊಬೈಲೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಆದರೆ ಆ ಹೊತ್ತಿಗೆ ಕೀಲಿ ಇದ್ದವರು ಹೊರಗೆ ಹೋಗುವಂತಿಲ್ಲ, ಹೋದವನು ಹುಡುಗ ಒಬ್ಬನೇ. ಮರಳಿದಾಗ ಹಣೆಯ ಮೇಲೆ ಮೂರು ಬೆರಳಗಲ ವಿಭೂತಿ. "ಅರ್ಚಕರು ಹಚ್ಚಿಬಿಟ್ಟರು, ಬೇಡ ಅನ್ನೋಕೆ ಆಗಲಿಲ್ಲ" ಎಂದು ಪ್ರಸಾದದ ಪೊಟ್ಟಣ ಮುಂದೆ ಚಾಚಿದ. ಹೆಡ್ ಕ್ಯಾಷಿಯರು ಪ್ರಸಾದದ ಕಡೆ ನೋಡಲೂ ಇಲ್ಲ. "ಎಷ್ಟು ಗಂಟೆಗೆ ಬಿತ್ತು?"

"ಮೋಡ ಸಾರ್. ಬೀಳಲೇ ಇಲ್ಲ."

"ಮತ್ತೆ ನಾಳೆ ಹೋಗಪ್ಪಾ. ಇನ್ನೂ ದಿನ ಇದೆ."

"ನಾಳೆ ನಾನು ಹೋಗ್ತೀನಿ ಬಿಡಿ" ಎಂದರು ಮೇಡಂ, ಫೈಲಿನಿಂದ ತಲೆಯೆತ್ತದೆ. "ಬೆಳಕು ಹೇಗೂ ಬೀಳುತ್ತೆ. ಅಲ್ಲಿ ರುದ್ರ ಸರಿಯಾಗಿ ಹೇಳ್ತಾರೋ ಇಲ್ವೋ, ಅದನ್ನ ಕೇಳಬೇಕು."