ನಾನು ಹಿಗ್ಗುವುದಿಲ್ಲ: ಉತ್ಪಾದನಾ ಸಾಧ್ಯತಾ ರೇಖೆಯ ಜೊತೆ ಒಂದು ಕಾಲ್ಪನಿಕ ಸಂದರ್ಶನ

2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲೆ ಶೇ. 50 ಸುಂಕ ಜಡಿದ ಮೇಲೆ ಮುಕ್ತ ವ್ಯಾಪಾರದ ಭಜನೆ ಮತ್ತೆ ಜೋರಾಯಿತು. ಹಿಮ್ಮೇಳಕ್ಕೆ ಎಂದಿನಂತೆ ಅರ್ಥಶಾಸ್ತ್ರದ ಮೊದಲ ಪಾಠದ ಆ ಬಾಗಿದ ರೇಖೆ: ಇರುವ ಆಳು, ಯಂತ್ರಗಳಿಂದ ದೇಶವೊಂದು ಎರಡು ಸರಕುಗಳನ್ನು ಹೆಚ್ಚೆಂದರೆ ಎಷ್ಟೆಷ್ಟು ತಯಾರಿಸಬಹುದೆಂದು ತೋರಿಸುವಂಥದ್ದು. ಅದನ್ನೇ ಮಾತಿಗೆಳೆದೆವು.

ಪ್ರಶ್ನೆ: ವ್ಯಾಪಾರದಿಂದ ನೀವು ಹಿಗ್ಗುತ್ತೀರಂತೆ?

ರೇಖೆ: ಈ ಒಂದು ಸುಳ್ಳಿಗೆ ರೋಸಿಹೋಗಿದ್ದೇನೆ. 1817ರಲ್ಲಿ ಅರ್ಥಶಾಸ್ತ್ರಜ್ಞ ರಿಕಾರ್ಡೊ ಬರೆದ ಲೆಕ್ಕ ನೋಡಿ. ಒಂದಿಷ್ಟು ಬಟ್ಟೆಗೆ ಇಂಗ್ಲೆಂಡಿನಲ್ಲಿ ವರ್ಷವಿಡೀ 100 ಆಳು ಬೇಕು, ಅದಕ್ಕೆ ಬದಲಾಗುವ ವೈನಿಗೆ 120. ಪೋರ್ಚುಗಲ್‌ನಲ್ಲಿ ಬಟ್ಟೆಗೆ 90, ವೈನಿಗೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಆದರೂ ಅದು ವೈನ್ ಮಾರಿ ಬಟ್ಟೆ ಕೊಂಡರೆ 90 ಆಳಿನ ಸರಕು 80 ಆಳಿನ ದುಡಿಮೆಗೆ ಸಿಗುತ್ತದೆ. ಇಂಗ್ಲೆಂಡಿಗೆ 120ರದ್ದು 100ಕ್ಕೆ. ಇದರಲ್ಲಿ ಆಳು ಹೆಚ್ಚಲಿಲ್ಲ, ಹೊಸ ಯಂತ್ರ ಬರಲಿಲ್ಲ, ನಾನೇಕೆ ಕದಲಲಿ? ತಯಾರಿಕೆ ನನ್ನ ಮೇಲೇ ನಡೆಯುತ್ತದೆ, ಅನುಭೋಗ ಮಾತ್ರ ನನ್ನಾಚೆ ಹೋಗುತ್ತದೆ. ಹುಡುಗರು ಪರೀಕ್ಷೆಯಲ್ಲಿ ನನ್ನನ್ನೇ ಹೊರಕ್ಕೆ ತಳ್ಳಿ ಬರುತ್ತಾರೆ!

ಪ್ರಶ್ನೆ: ಅದಿರಲಿ, ರೇಷ್ಮೆಗೆ ಬನ್ನಿ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕಿಳಿಸಿತು. ಚೀನಾ ನೂಲು ಅಗ್ಗವಾಯಿತು, ರಾಮನಗರದಲ್ಲಿ ಗೂಡಿನ ಬೆಲೆ ಬಿತ್ತು.

ರೇಖೆ: ನನ್ನ ಬಾಗಿನ ಬಗ್ಗೆಯೂ ಒಂದು ದೂರಿದೆ. 1930ರ ದಶಕದಲ್ಲಿ ಹೇಬರ್ಲರ್ ಎಂಬ ಅರ್ಥಶಾಸ್ತ್ರಜ್ಞ...

ಪ್ರಶ್ನೆ: ರೇಷ್ಮೆ.

ರೇಖೆ: ಹಾಗಾದರೆ ಕೇಳಿ. ಲಾಭ ಸುಳ್ಳಲ್ಲ. ದೇಶದ ರೇಷ್ಮೆ ನಮ್ಮ ಮಗ್ಗಗಳಿಗೆ ಸಾಲುತ್ತಿರಲಿಲ್ಲ. ಅಗ್ಗದ ನೂಲು ಕೇಳಿದ ನೇಕಾರನ ವಾದದಲ್ಲಿ ತಪ್ಪೇನಿಲ್ಲ. ಆದರೆ ನನ್ನ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸಲೀಸಾಗಿ ಜಾರುವುದು ಪೆನ್ಸಿಲ್, ಮನುಷ್ಯರಲ್ಲ. ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ನೂಲು ಬಿಚ್ಚುವ ಹೆಂಗಸು ಮಾರನೇ ದಿನ ಯಾವ ಬಿಂದುವಿಗೆ ಹೋಗಬೇಕು? ಕೆಲಸವಿಲ್ಲದೆ ಕೂತರೆ ದೇಶ ನನ್ನ ಮೇಲೆ ಇರುವುದೇ ಇಲ್ಲ, ಒಳಕ್ಕೆ ಕುಸಿದಿರುತ್ತದೆ. ರಿಕಾರ್ಡೊ ಇಂಗ್ಲೆಂಡಿನಲ್ಲಿ ಉಳಿಸಿದ ಆ 20 ಆಳೂ ಅಷ್ಟೇ: ಬೇರೆ ಕೆಲಸ ಹಿಡಿದರೆ ಲಾಭ, ಇಲ್ಲವಾದರೆ ಬರೀ ನಿರುದ್ಯೋಗ. ಗೆದ್ದವರು ಸೋತವರಿಗೆ ನಷ್ಟ ತುಂಬಿಕೊಟ್ಟರೂ ಕೈಯಲ್ಲಿ ಮಿಕ್ಕೀತು ಎನ್ನುತ್ತಾರೆ ಪಂಡಿತರು. ಸರಿ, ತುಂಬಿಕೊಡಿ! ಕೊಡದೆ ದೇಶಕ್ಕೆ ಒಳ್ಳೆಯದಾಯಿತೆಂದು ನನ್ನ ಚಿತ್ರ ತೋರಿಸುವುದು ಅರ್ಥಶಾಸ್ತ್ರವಲ್ಲ, ಕಳ್ಳಲೆಕ್ಕ.

ಪ್ರಶ್ನೆ: 2013ರಲ್ಲಿ ಸುಂಕವನ್ನು ಮತ್ತೆ ಶೇ. 15ಕ್ಕೆ ಏರಿಸಿದರಲ್ಲ?

ರೇಖೆ: ಏರಿಸಿದರು. ಈ ಸಲ ನೂಲು ತುಟ್ಟಿಯಾದದ್ದು ನೇಕಾರನಿಗೆ. ಅವನಿಗಾದರೂ ಯಾರು ತುಂಬಿಕೊಟ್ಟರು?